ಮತ್ತಿನ ಯಂತ್ರವನ್ನು ತಿದ್ದಿದವರು

1972ರಲ್ಲಿ ಜೆಫ್ರಿ ಕೂಪರ್ ಎಂಬ ತರುಣ ಎಂಜಿನಿಯರ್ ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಅರಿವಳಿಕೆ ವಿಭಾಗಕ್ಕೆ ಸೇರಿದರು. ಅವರು ವೈದ್ಯರಲ್ಲ. ಸಂಶೋಧಕರಿಗೆ ಬೇಕಾದ ಉಪಕರಣಗಳನ್ನು ಮಾಡಿಕೊಡುವುದು ಅವರ ಕೆಲಸ. ಆದರೆ ಪ್ರಯೋಗಾಲಯದಲ್ಲಿ ಕೂರುವುದಕ್ಕಿಂತ ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿ ನಿಂತು ನೋಡುವುದರಲ್ಲಿ ಅವರಿಗೆ ಆಸಕ್ತಿ ಹೆಚ್ಚು. ಅರಿವಳಿಕೆ ಕೊಡುವವರು ಎತ್ತ ನೋಡುತ್ತಾರೆ, ಯಾವ ನಾಬ್ ತಿರುಗಿಸುತ್ತಾರೆ, ಯಾವಾಗ ತಡವರಿಸುತ್ತಾರೆ ಎಂಬುದನ್ನು ಗಂಟೆಗಟ್ಟಲೆ ನೋಡುತ್ತ ಹೋದರು. ನೋಡನೋಡುತ್ತ ಅವರ ದಿಗಿಲು ಹೆಚ್ಚಿತು. ಒಂದು ಯಂತ್ರದಲ್ಲಿ ನಾಬನ್ನು ಬಲಕ್ಕೆ ತಿರುಗಿಸಿದರೆ ಮತ್ತಿನ ಔಷಧದ ಪ್ರಮಾಣ ಏರುತ್ತಿತ್ತು. ಪಕ್ಕದ ಕೊಠಡಿಯ ಇನ್ನೊಂದರಲ್ಲಿ ಹಾಗೇ ಬಲಕ್ಕೆ ತಿರುಗಿಸಿದರೆ ಇಳಿಯುತ್ತಿತ್ತು. ಬೆಳಿಗ್ಗೆ ಒಂದರಲ್ಲಿ ಕೆಲಸ ಮಾಡಿದ ವೈದ್ಯರು ಮಧ್ಯಾಹ್ನ ಇನ್ನೊಂದರ ಮುಂದೆ ನಿಲ್ಲಬೇಕಿತ್ತು.

ಇದು ಸಾಮಾನ್ಯ ಆಸ್ಪತ್ರೆಯಲ್ಲ. 1846ರ ಅಕ್ಟೋಬರ್ 16ರಂದು ವಿಲಿಯಂ ಮಾರ್ಟನ್ ಎಂಬ ದಂತವೈದ್ಯ ಈಥರ್ ಮೂಸಿಸಿ ರೋಗಿಯ ಅರಿವು ತಪ್ಪಿಸಿದ್ದು, ನೋವಿನ ಕೂಗಿಲ್ಲದೆ ಕತ್ತಿಯಾಡಿಸಬಹುದು ಎಂದು ಜಗತ್ತಿಗೆ ತೋರಿಸಿದ್ದು ಇದೇ ಆಸ್ಪತ್ರೆಯಲ್ಲಿ. ಅದಾಗಿ ನೂರಿಪ್ಪತ್ತೈದು ವರ್ಷ ಕಳೆದಿತ್ತು. ಅಷ್ಟರಲ್ಲಿ ಔಷಧಗಳು ಬಹಳ ಸುಧಾರಿಸಿದ್ದವು. ಯಂತ್ರಗಳು ಮಾತ್ರ ಒಂದರ ಮೇಲೊಂದು ತೇಪೆ ಹಚ್ಚಿಕೊಂಡೇ ಬೆಳೆದಿದ್ದವು.

ಅರಿವಳಿಕೆ ತಜ್ಞರ ಕೆಲಸ ಹೊರಗಿನವರಿಗೆ ಕಾಣುವುದೇ ಇಲ್ಲ. ‘ಮತ್ತು ಬರಿಸೋ ಡಾಕ್ಟರು’ ಒಂದು ಇಂಜೆಕ್ಷನ್ ಕೊಟ್ಟು ಸುಮ್ಮನೆ ಕೂರುತ್ತಾರೆ ಎಂದೇ ನಮ್ಮಲ್ಲಿ ಅನೇಕರ ತಿಳಿವಳಿಕೆ. ದೊಡ್ಡ ಶಸ್ತ್ರಚಿಕಿತ್ಸೆಗಳಲ್ಲಿ ಸ್ನಾಯುಗಳನ್ನು ಸಡಿಲಿಸುವ ಮದ್ದು ಕೊಟ್ಟ ಮೇಲೆ ರೋಗಿ ತಾನಾಗಿ ಉಸಿರಾಡಲಾರ. ಅಲ್ಲಿಂದ ಮುಂದೆ ಅವನ ಪ್ರತಿ ಉಸಿರೂ ಒಂದು ಕೊಳವೆಯ ಮೂಲಕ ಯಂತ್ರದಿಂದಲೇ ಬರಬೇಕು. ಆ ಕೊಳವೆಯ ಕೂಡುವೆಗಳಲ್ಲಿ ಒಂದು ಕಳಚಿಕೊಂಡರೆ, ಹೊದಿಕೆಯ ಅಡಿಯಲ್ಲಿ ಅದು ಯಾರ ಕಣ್ಣಿಗೂ ಬೀಳದಿದ್ದರೆ, ಕೆಲವೇ ನಿಮಿಷಗಳಲ್ಲಿ ಮಿದುಳಿಗೆ ಸರಿಪಡಿಸಲಾಗದ ಹಾನಿ. ಇಷ್ಟು ದೊಡ್ಡ ಹೊಣೆ ಹೊತ್ತ ಯಂತ್ರ ಹೇಗೆ ರೂಪುಗೊಂಡಿತು ಎನ್ನುವುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಮ್ಮ ಅನೇಕ ಆಸ್ಪತ್ರೆಗಳ ಓಟಿಯಲ್ಲಿ ಈಗಲೂ ಇದಕ್ಕೆ ‘ಬಾಯ್ಲ್ಸ್ ಮಷಿನ್’ ಎಂದೇ ಹೆಸರು. ಲಂಡನ್ನಿನ ಸೇಂಟ್ ಬಾರ್ಥಲೋಮ್ಯೂ ಆಸ್ಪತ್ರೆಯ ಹೆನ್ರಿ ಎಡ್ಮಂಡ್ ಗ್ಯಾಸ್ಕಿನ್ ಬಾಯ್ಲ್ 1917ರಲ್ಲಿ, ಅಮೆರಿಕದ ಗ್ವಾತ್ಮಿಯವರ ಯಂತ್ರವನ್ನು ಆಧಾರವಾಗಿಟ್ಟುಕೊಂಡು, ಆಮ್ಲಜನಕವನ್ನೂ ಮತ್ತೇರಿಸುವ ನೈಟ್ರಸ್ ಆಕ್ಸೈಡನ್ನೂ ಬೆರೆಸಿ ಕೊಡುವ ಯಂತ್ರವೊಂದನ್ನು ಮಾಡಿಸಿದರು. ಯಾವ ಅನಿಲ ಎಷ್ಟು ಹರಿಯುತ್ತಿದೆ ಎಂಬುದನ್ನು ಆ ಮೊದಲ ಯಂತ್ರದಲ್ಲಿ ನೀರಿನೊಳಗೆ ಏಳುವ ಗುಳ್ಳೆಗಳನ್ನು ನೋಡಿ ಅಂದಾಜು ಮಾಡಬೇಕಿತ್ತು. ಆಮೇಲೆ ರೋಟಾಮೀಟರುಗಳು ಬಂದವು: ಸಾಲಾಗಿ ನಿಲ್ಲಿಸಿದ ಗಾಜಿನ ಕೊಳವೆಗಳು, ಒಳಗೆ ಬುಗುರಿಯಂತೆ ತಿರುಗುತ್ತ ತೇಲುವ ಪುಟ್ಟ ಬಾಬಿನ್. ಬಾಬಿನ್ನಿನ ಮೇಲಂಚು ಯಾವ ಗೆರೆಗೆ ಬಂದಿದೆಯೋ ನಿಮಿಷಕ್ಕೆ ಅಷ್ಟು ಲೀಟರ್. ನೋಡಲು ಅಚ್ಚುಕಟ್ಟು.

ಆದರೆ ಬ್ರಿಟಿಷ್ ಮಾದರಿಯಲ್ಲಿ ಆಮ್ಲಜನಕದ ಕೊಳವೆ ಎಲ್ಲಕ್ಕಿಂತ ಎಡಕ್ಕಿತ್ತು, ಅನಿಲಗಳು ಎಡದಿಂದ ಬಲಕ್ಕೆ ಹರಿದು ರೋಗಿಯತ್ತ ಸಾಗುತ್ತಿದ್ದವು. ನಡುವಿನ ಕೊಳವೆಯಲ್ಲೊಂದು ಬಿರುಕು ಬಿಟ್ಟಿತೆಂದುಕೊಳ್ಳಿ. ಎಡದಿಂದ ಬಂದ ಆಮ್ಲಜನಕ ಆ ಬಿರುಕಿನಲ್ಲಿ ಸೋರಿಹೋಗುತ್ತದೆ. ಬಲದ ತುದಿಯ ನೈಟ್ರಸ್ ಆಕ್ಸೈಡ್ ಮಾತ್ರ ಪೂರ್ತಿಯಾಗಿ ರೋಗಿಗೆ ಸೇರುತ್ತದೆ. ಆಮ್ಲಜನಕದ ಬಾಬಿನ್ ಮಾತ್ರ ಇರಬೇಕಾದ ಎತ್ತರದಲ್ಲೇ ತೇಲುತ್ತಿರುತ್ತದೆ. ವೈದ್ಯರು ಎಷ್ಟೇ ಎಚ್ಚರದಿಂದ ನೋಡಿದರೂ ಯಂತ್ರ ಅವರಿಗೆ ಸುಳ್ಳನ್ನೇ ತೋರಿಸುತ್ತಿತ್ತು. ಈ ಅಪಾಯವನ್ನು 1963ರಲ್ಲಿ ಅಮೆರಿಕದ ಎಡ್ಮಂಡ್ ಈಗರ್ ಮತ್ತು ಸಂಗಡಿಗರು ಬಿಡಿಸಿ ತೋರಿಸಿದರು. ಪರಿಹಾರ ತೀರಾ ಸರಳ: ಆಮ್ಲಜನಕ ಎಲ್ಲಕ್ಕಿಂತ ಕೊನೆಗೆ, ರೋಗಿಗೆ ತೀರ ಹತ್ತಿರದಲ್ಲಿ ಬಂದು ಕೂಡಿಕೊಳ್ಳಲಿ. ಇಷ್ಟು ಹೊಳೆಯುವುದಕ್ಕೆ ನಾಲ್ಕು ದಶಕಕ್ಕೂ ಹೆಚ್ಚು ಬೇಕಾಯಿತು.

ಇನ್ನೊಂದು ಉದಾಹರಣೆ ನನ್ನನ್ನು ಇದಕ್ಕಿಂತಲೂ ಕಾಡಿದೆ. ಸಿಲಿಂಡರಿನಲ್ಲಿ ಆಮ್ಲಜನಕ ಮುಗಿದರೆ ಎಚ್ಚರಿಸಲೆಂದು ಬ್ರಿಟನ್ನಿನಲ್ಲಿ ‘ಬೋಸನ್’ ಎಂಬ ಸೀಟಿಯನ್ನು ಯಂತ್ರಕ್ಕೆ ಜೋಡಿಸಿದರು. ಆಮ್ಲಜನಕದ ಒತ್ತಡ ಕುಸಿದಾಗ ಒಂದು ಕೆಂಪು ದೀಪ ಹೊತ್ತಿಕೊಳ್ಳಬೇಕು, ಸೀಟಿ ಕೂಗಬೇಕು. ದೀಪಕ್ಕೆ ಟಾರ್ಚಿನ ಬ್ಯಾಟರಿ ಬೇಕಿತ್ತು. ಸೀಟಿ ಕೂಗಲು ನೈಟ್ರಸ್ ಆಕ್ಸೈಡಿನ ಒತ್ತಡ ಬೇಕಿತ್ತು. ಬ್ಯಾಟರಿ ಸತ್ತಿದ್ದು ನೈಟ್ರಸ್ ಸಿಲಿಂಡರೂ ಖಾಲಿಯಾಗಿದ್ದರೆ ಎಚ್ಚರಿಕೆಯ ಸಾಧನವೇ ಮೂಕ. ಕಾವಲಿಗಿಟ್ಟ ವಸ್ತುವನ್ನೇ ದಿನವೂ ಕಾಯಬೇಕಾದ ಸ್ಥಿತಿ. ಇದಕ್ಕೆ ನ್ಯೂಜಿಲೆಂಡಿನ ರಿಚಿ ಎಂಬ ವೈದ್ಯರು 1960ರ ದಶಕದಲ್ಲಿ ಕಂಡುಕೊಂಡ ಉತ್ತರವನ್ನು ಎಷ್ಟು ಹೊಗಳಿದರೂ ಸಾಲದು. ಅವರ ಸೀಟಿ ಊದುತ್ತಿದ್ದುದು ಕುಸಿಯುತ್ತಿರುವ ಆಮ್ಲಜನಕದ ಬಲದಿಂದಲೇ. ಬ್ಯಾಟರಿ ಬೇಡ, ಇನ್ನೊಂದು ಅನಿಲದ ಹಂಗು ಬೇಡ. ಸಿಲಿಂಡರಿನಲ್ಲಿ ಉಳಿದ ಕೊನೆಯ ಆಮ್ಲಜನಕವೇ ತಾನು ಮುಗಿಯುತ್ತಿದ್ದೇನೆಂದು ಕೂಗಿ ಹೇಳುತ್ತಿತ್ತು. ವೈದ್ಯರು ನೆನಪಿಟ್ಟುಕೊಳ್ಳಬೇಕಾದ ಒಂದು ಕೆಲಸ ಅಷ್ಟಕ್ಕೆ ಕಡಿಮೆಯಾಯಿತು.

ಅದೇ ಬಗೆಯ ಬುದ್ಧಿ 1952ರಷ್ಟು ಹಿಂದೆಯೇ ಸಿಲಿಂಡರುಗಳ ವಿಷಯದಲ್ಲಿ ಕೆಲಸ ಮಾಡಿತ್ತು. ಆಮ್ಲಜನಕದ ಜಾಗಕ್ಕೆ ನೈಟ್ರಸ್ ಆಕ್ಸೈಡಿನ ಸಿಲಿಂಡರ್ ಜೋಡಿಸಿ ಸಾವಾದ ಪ್ರಸಂಗಗಳಿದ್ದವು. ಬಣ್ಣ ನೋಡಿ ಗುರುತಿಸೋಣವೆಂದರೆ ಬಣ್ಣಗಳು ದೇಶದಿಂದ ದೇಶಕ್ಕೆ ಬೇರೆ: ನಮ್ಮಲ್ಲಿ ಆಮ್ಲಜನಕದ ಸಿಲಿಂಡರ್ ಕಪ್ಪು ಮೈ, ಬಿಳಿ ಹೆಗಲು, ಅಮೆರಿಕದಲ್ಲಿ ಹಸಿರು. ಹಾಗಾಗಿ ಕಣ್ಣನ್ನು ನಂಬದೆ ಲೋಹವನ್ನೇ ನಂಬುವ ಉಪಾಯ ಹೂಡಿದರು. ಸಿಲಿಂಡರಿನ ಕತ್ತಿನಲ್ಲಿ ಎರಡು ಕುಳಿಗಳು, ಅದು ಕೂರುವ ಚೌಕಟ್ಟಿನಲ್ಲಿ ಅವಕ್ಕೆ ಸರಿಯಾಗಿ ಎರಡು ಪಿನ್ನುಗಳು. ಆಮ್ಲಜನಕಕ್ಕೆ 2 ಮತ್ತು 5ನೇ ಸ್ಥಾನ, ನೈಟ್ರಸ್ ಆಕ್ಸೈಡಿಗೆ 3 ಮತ್ತು 5. ಬೇರೆ ಅನಿಲದ ಸಿಲಿಂಡರ್ ಕೂರುವುದೇ ಇಲ್ಲ. ಪಿನ್ನು ಮುರಿದಿದ್ದರೆ, ಅಥವಾ ಒಂದರ ಮೇಲೊಂದು ವಾಷರ್ ಇಟ್ಟು ಬಲವಂತ ಮಾಡಿದರೆ ಈ ವ್ಯವಸ್ಥೆಯೂ ಸೋಲುತ್ತದೆ, ನಿಜ. ಆದರೆ ಕತ್ತಲಲ್ಲಿ, ಅವಸರದಲ್ಲಿ, ನಿದ್ದೆಗಣ್ಣಿನಲ್ಲಿ ಕೈ ಮಾಡುವ ತಪ್ಪನ್ನು ತಡೆಯಲು ಇದಕ್ಕಿಂತ ಒಳ್ಳೆಯ ದಾರಿಯನ್ನು ಯಾರೂ ಕಂಡಿರಲಿಲ್ಲ.

ಇಂಥ ಆಲೋಚನೆಗೆ ಶಾಸ್ತ್ರದ ರೂಪ ಸಿಕ್ಕಿದ್ದು ಆಸ್ಪತ್ರೆಗಳಲ್ಲಲ್ಲ, ಯುದ್ಧವಿಮಾನಗಳಲ್ಲಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಬಿ-17 ಬಾಂಬರುಗಳನ್ನು ಸುರಕ್ಷಿತವಾಗಿ ನೆಲಕ್ಕಿಳಿಸಿದ ಪೈಲಟ್‌ಗಳು, ರೆಕ್ಕೆಯ ಫ್ಲ್ಯಾಪ್ ಮಡಿಸಲು ಹೋಗಿ ಚಕ್ರಗಳನ್ನೇ ಮಡಿಸಿ, ವಿಮಾನದ ಹೊಟ್ಟೆಯನ್ನು ನೆಲಕ್ಕೆ ಉಜ್ಜಿಬಿಡುತ್ತಿದ್ದರು. ಪೈಲಟ್‌ಗಳ ಅಜಾಗರೂಕತೆ ಎಂದು ಷರಾ ಬರೆದು ಮುಗಿಸಬಹುದಿತ್ತು. ಆಲ್ಫೋನ್ಸ್ ಚಪಾನಿಸ್ ಎಂಬ ಮನಶ್ಶಾಸ್ತ್ರಜ್ಞ ಕಾಕ್‌ಪಿಟ್ಟಿಗೆ ಹೋಗಿ ನೋಡಿದಾಗ ಫ್ಲ್ಯಾಪಿನ ಹಿಡಿಕೆ, ಚಕ್ರದ ಹಿಡಿಕೆ ಎರಡೂ ಒಂದೇ ಆಕಾರದವು, ಅಕ್ಕಪಕ್ಕದಲ್ಲೇ ಇದ್ದವು. ಅವರು ಚಕ್ರದ ಹಿಡಿಕೆಗೆ ಸಣ್ಣ ರಬ್ಬರ್ ಚಕ್ರವನ್ನೂ ಫ್ಲ್ಯಾಪಿನದಕ್ಕೆ ಬೆಣೆಯಾಕಾರದ ತುಂಡನ್ನೂ ಅಂಟಿಸಿದರು. ತಪ್ಪು ನಿಂತಿತು. 1947ರಲ್ಲಿ ಪಾಲ್ ಫಿಟ್ಸ್ ಮತ್ತು ರಿಚರ್ಡ್ ಜೋನ್ಸ್ ಪೈಲಟ್‌ಗಳ 460 ತಪ್ಪುಗಳನ್ನು ಒಟ್ಟುಗೂಡಿಸಿ, ಅವುಗಳಲ್ಲಿ ಎಷ್ಟೋ ಉಪಕರಣಗಳ ವಿನ್ಯಾಸದಿಂದಲೇ ಹುಟ್ಟಿದವು ಎಂದು ವಿವರಿಸಿದರು. ಹಾಗೆಯೇ, ಕೆಲಸ ಕೆಟ್ಟ ಅಥವಾ ಕೆಡುವುದರಲ್ಲಿದ್ದ ಪ್ರಸಂಗಗಳನ್ನು ಕೆಲಸಗಾರರ ಬಾಯಿಂದಲೇ ಕೇಳಿ ವಿಂಗಡಿಸುವ ಪದ್ಧತಿಯನ್ನು ಜಾನ್ ಫ್ಲಾನಗನ್ 1954ರಲ್ಲಿ ವಿವರವಾಗಿ ಪ್ರಕಟಿಸಿದರು. ಅದೂ ವಾಯುಪಡೆಯ ಅನುಭವದಿಂದ ಹುಟ್ಟಿದ್ದೇ.

ಕೂಪರ್ ಅರಿವಳಿಕೆಗೆ ತಂದದ್ದು ಈ ಪದ್ಧತಿಯನ್ನು. ಅಲ್ಲಿಯವರೆಗೆ ವೈದ್ಯಲೋಕ ಸಾವುಗಳನ್ನು ಎಣಿಸುತ್ತಿತ್ತು. ಬೀಚರ್ ಮತ್ತು ಟಾಡ್ 1954ರಲ್ಲಿ ಹತ್ತು ಆಸ್ಪತ್ರೆಗಳ ಸುಮಾರು ಆರು ಲಕ್ಷ ಪ್ರಕರಣಗಳನ್ನು ಪರಿಶೀಲಿಸಿ, 1,560ಕ್ಕೆ ಒಂದರಂತೆ ಅರಿವಳಿಕೆಯ ಪಾತ್ರವಿದ್ದ ಸಾವು ಎಂದು ಲೆಕ್ಕ ಹಾಕಿದ್ದರು. ಅದು ದೊಡ್ಡ ಕೆಲಸವೇ. ಆದರೆ ಸಾವು ಎಷ್ಟು ಎಂದು ಗೊತ್ತಾದರೆ ನಾಬನ್ನು ಹೇಗೆ ಮಾಡಬೇಕು ಎಂದು ಗೊತ್ತಾಗುವುದಿಲ್ಲ. ಕೂಪರ್ ಮತ್ತು ಸಂಗಡಿಗರು ಸಾವಿನವರೆಗೆ ಹೋಗದ, ಕೂದಲೆಳೆಯಲ್ಲಿ ತಪ್ಪಿದ ಘಟನೆಗಳನ್ನೂ ಕೇಳಿದರು. ಒಂದೇ ಆಸ್ಪತ್ರೆಯ ವೈದ್ಯರೊಂದಿಗೆ 47 ಸಂದರ್ಶನ, 359 ಘಟನೆ. 1978ರಲ್ಲಿ ‘ಅನಸ್ತೀಸಿಯಾಲಜಿ’ ಪತ್ರಿಕೆಯಲ್ಲಿ ಫಲಿತಾಂಶ ಅಚ್ಚಾಯಿತು.

ಶೇ 82ರಷ್ಟು ಘಟನೆಗಳಲ್ಲಿ ಮನುಷ್ಯರ ತಪ್ಪಿತ್ತು. ಯಂತ್ರ ನಿಜಕ್ಕೂ ಕೆಟ್ಟಿದ್ದು ಶೇ 14ರಲ್ಲಿ ಮಾತ್ರ. ಈ ಎರಡು ಅಂಕಿಗಳನ್ನಷ್ಟೇ ಎತ್ತಿಕೊಂಡು, ಡಾಕ್ಟರುಗಳದ್ದೇ ತಪ್ಪು, ಯಂತ್ರ ಸರಿಯಾಗಿದೆ ಎಂದು ತೀರ್ಪು ಕೊಟ್ಟುಬಿಡಬಹುದು. ಆ ಲೇಖನದ ತಿರುಳು ಇರುವುದು ಮುಂದಿನ ಮಾತಿನಲ್ಲಿ: ಮನುಷ್ಯರ ತಪ್ಪು ಎಂದು ವಿಂಗಡಿಸಿದ ಅನೇಕ ಬಗೆಗಳಲ್ಲಿ ಉಪಕರಣದ ವಿನ್ಯಾಸವೇ ಆರೋಪಿ. ಪದೇಪದೇ ಕಂಡ ತಪ್ಪುಗಳನ್ನು ನೋಡಿ: ಉಸಿರಿನ ಕೊಳವೆ ಕಳಚಿದ್ದು, ಗೊತ್ತಿಲ್ಲದೆ ಅನಿಲದ ಹರಿವು ಬದಲಾದದ್ದು, ಒಂದು ಸಿರಿಂಜಿನ ಬದಲು ಇನ್ನೊಂದನ್ನು ಎತ್ತಿಕೊಂಡದ್ದು. ಬಿಗಿಯಾಗಿ ಕೂರದ ಕೂಡುವೆ, ತೋಳು ತಾಗಿದರೂ ತಿರುಗುವ ನಾಬ್, ಒಂದೇ ಗಾತ್ರದ ಒಂದೇ ಬಣ್ಣದ ಸಿರಿಂಜುಗಳು. ಇವುಗಳ ಮುಂದೆ ಯಾರನ್ನು ನಿಲ್ಲಿಸಿದರೂ ಒಂದಲ್ಲ ಒಂದು ದಿನ ತಪ್ಪು ನಡೆದೇ ನಡೆಯುತ್ತದೆ. ಅನುಭವದ ಕೊರತೆ, ಯಂತ್ರದ ಪರಿಚಯ ಸಾಲದಿರುವುದು, ಅವಸರ, ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಮುಟ್ಟದಿರುವುದು, ಇವೂ ಪಟ್ಟಿಯಲ್ಲಿದ್ದವು.

ಈ ಅಧ್ಯಯನದ ಸುತ್ತಮುತ್ತಲ ವರ್ಷಗಳಲ್ಲೇ ಯಂತ್ರದ ರೂಪ ಬದಲಾಗತೊಡಗಿತು. ಆಮ್ಲಜನಕದ ನಾಬನ್ನು ಉಳಿದವುಗಳಿಗಿಂತ ದೊಡ್ಡದಾಗಿ, ಅಂಚಿನಲ್ಲಿ ಆಳವಾದ ಗೀರುಗಳಿರುವಂತೆ, ಸ್ವಲ್ಪ ಮುಂದಕ್ಕೆ ಚಾಚುವಂತೆ ಮಾಡಿದರು; ಕಣ್ಣು ರೋಗಿಯ ಮೇಲಿದ್ದರೂ ಬೆರಳಿಗೆ ಗೊತ್ತಾಗಲಿ ಎಂದು. ಚಪಾನಿಸರ ರಬ್ಬರ್ ಚಕ್ರ ಇಲ್ಲಿಗೆ ಬಂದು ಮುಟ್ಟಿತ್ತು. ಇನ್ನೊಂದು ಯಂತ್ರದಲ್ಲಿ ಆಮ್ಲಜನಕದ ನಾಬಿಗೂ ನೈಟ್ರಸ್ ಆಕ್ಸೈಡಿನ ನಾಬಿಗೂ ಹಲ್ಲುಚಕ್ರಗಳ ಮೇಲೆ ಸಣ್ಣ ಸರಪಳಿ ಹಾಕಿದರು. ನೈಟ್ರಸ್ ಹೆಚ್ಚಿಸುತ್ತ ಹೋದರೆ ಒಂದು ಹಂತದ ಮೇಲೆ ಆಮ್ಲಜನಕವೂ ತಾನಾಗಿ ಹೆಚ್ಚುತ್ತದೆ. ಮಿಶ್ರಣದಲ್ಲಿ ಆಮ್ಲಜನಕ ಸುಮಾರು ಶೇ 25ಕ್ಕಿಂತ ಕೆಳಗಿಳಿಯದು. 1979ರಲ್ಲಿ ಅಮೆರಿಕದ ಯಂತ್ರಗಳಿಗೆ ಒಂದು ಸಮಾನ ಮಾನದಂಡ ಬಂತು. ನಾಬುಗಳ ದಿಕ್ಕಿನ ಗೊಂದಲದಂಥವು ತಯಾರಕರ ಇಷ್ಟಕ್ಕೆ ಬಿಟ್ಟ ವಿಷಯವಾಗಿ ಉಳಿಯಲಿಲ್ಲ.

ಇಷ್ಟಾದರೂ ಬದಲಾವಣೆಗೆ ವೇಗ ಬಂದದ್ದು ಜನ ಹೆದರಿದ ಮೇಲೆ. 1982ರ ಏಪ್ರಿಲ್ 22ರಂದು ಎಬಿಸಿ ದೂರದರ್ಶನದ ‘20/20’ ಕಾರ್ಯಕ್ರಮ ಅರಿವಳಿಕೆಯ ಅನಾಹುತಗಳ ಬಗ್ಗೆ ‘ದಿ ಡೀಪ್ ಸ್ಲೀಪ್’ ಎಂಬ ವರದಿ ಪ್ರಸಾರ ಮಾಡಿತು. ಮೊಕದ್ದಮೆಗಳ ಭಯದಿಂದ ಅರಿವಳಿಕೆ ತಜ್ಞರ ವಿಮೆಯ ಕಂತು ಮೊದಲೇ ಏರಿತ್ತು. ಆಗ ಮುಂದೆ ನಿಂತವರು ಬಾಸ್ಟನ್ನಿನವರೇ ಆದ ಎಲಿಸನ್ ಪಿಯರ್ಸ್. ಗೆಳೆಯರೊಬ್ಬರ 18 ವರ್ಷದ ಮಗಳು ಬುದ್ಧಿಹಲ್ಲು ಕೀಳಿಸಿಕೊಳ್ಳಲು ಹೋಗಿ ಅರಿವಳಿಕೆಯಲ್ಲೇ ತೀರಿಕೊಂಡಿದ್ದಳು. ಶ್ವಾಸನಾಳಕ್ಕೆ ಹೋಗಬೇಕಿದ್ದ ಕೊಳವೆ ಅನ್ನನಾಳಕ್ಕೆ ಹೋಗಿತ್ತು, ಯಾರಿಗೂ ಗೊತ್ತಾಗಿರಲಿಲ್ಲ. ಆ ಸಂಕಟ ಪಿಯರ್ಸರನ್ನು ಬಿಡಲಿಲ್ಲ. 1984ರಲ್ಲಿ ಅಮೆರಿಕದ ಅರಿವಳಿಕೆ ತಜ್ಞರ ಸಂಘದ ಅಧ್ಯಕ್ಷರಾಗಿದ್ದಾಗ ಅವರು ಕೂಪರರನ್ನೂ ಸೇರಿಸಿಕೊಂಡು ಸುರಕ್ಷತೆಯನ್ನು ಸಂಘದ ಮೊದಲ ಕೆಲಸವಾಗಿಸಿದರು. 1985ರಲ್ಲಿ ರೋಗಿಗಳ ಸುರಕ್ಷತೆಗೆಂದೇ ಒಂದು ಪ್ರತಿಷ್ಠಾನ ಹುಟ್ಟಿತು. ಅದರಲ್ಲಿ ವೈದ್ಯರಷ್ಟೇ ಅಲ್ಲ, ನರ್ಸುಗಳು, ಯಂತ್ರ ತಯಾರಕರು, ವಿಮಾ ಕಂಪನಿಯವರು, ವಕೀಲರು ಎಲ್ಲರಿಗೂ ಜಾಗವಿತ್ತು. ಅದೇ ವರ್ಷ ಹಾರ್ವರ್ಡಿನ ಆಸ್ಪತ್ರೆಗಳು ಕನಿಷ್ಠ ನಿಗಾ ಹೇಗಿರಬೇಕು ಎಂದು ನಿಯಮ ಬರೆದುಕೊಂಡವು: ತಜ್ಞರು ಕೊಠಡಿ ಬಿಟ್ಟು ಹೋಗುವಂತಿಲ್ಲ, ಐದು ನಿಮಿಷಕ್ಕೊಮ್ಮೆಯಾದರೂ ರಕ್ತದೊತ್ತಡ ಮತ್ತು ನಾಡಿ ನೋಡಬೇಕು, ಕೊಳವೆ ಕಳಚಿದರೆ ಕೂಗುವ ಅಲಾರಂ ಇರಬೇಕು. ಮರುವರ್ಷ ಇಡೀ ದೇಶದ ಸಂಘ ಅದೇ ಜಾಡಿನ ನಿಯಮ ತಂದಿತು.

ಅದೇ ಹೊತ್ತಿಗೆ ಓಟಿಗೆ ಬಂದ ಒಂದು ಪುಟ್ಟ ಪೆಟ್ಟಿಗೆ ಈ ಇಡೀ ಚರಿತ್ರೆಯಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ವಸ್ತು. ಅಲ್ಲಿಯವರೆಗೆ ಆಮ್ಲಜನಕ ಕಡಿಮೆಯಾದುದು ತಿಳಿಯುತ್ತಿದ್ದದ್ದು ತುಟಿ, ಉಗುರು ನೀಲಿಗಟ್ಟಿದಾಗ, ಗಾಯದ ರಕ್ತ ಕಪ್ಪಾದಾಗ. ನುರಿತವರ ಕಣ್ಣಿಗೂ ರಕ್ತದ ಆಮ್ಲಜನಕ ಶೇ 80ರ ಹತ್ತಿರ ಕುಸಿಯುವವರೆಗೆ ನೀಲಿ ಕಾಣುವುದಿಲ್ಲ ಎಂದು ಕೊಮ್ರೋ ಮತ್ತು ಬೊಟೆಲ್ಹೋ 1947ರಲ್ಲೇ ತೋರಿಸಿದ್ದರು. ಕಂದು, ಕಪ್ಪು ಚರ್ಮದವರಲ್ಲಿ ಅದು ಇನ್ನೂ ಕಷ್ಟ. ಜಪಾನಿನ ನಿಹೋನ್ ಕೊಹ್ಡೆನ್ ಕಂಪನಿಯ ಎಂಜಿನಿಯರ್ ತಕುವೊ ಅಒಯಾಗಿ 1970ರ ದಶಕದ ಆರಂಭದಲ್ಲಿ ಬೇರೇನೋ ಅಳೆಯಲು ಕಿವಿಯ ಮೂಲಕ ಬೆಳಕು ಹಾಯಿಸುತ್ತಿದ್ದರು. ನಾಡಿಮಿಡಿತ ಅವರ ಅಳತೆಯನ್ನು ಕದಡುತ್ತಿತ್ತು. ಆ ಕದಡುವಿಕೆಯಲ್ಲೇ ಅಪಧಮನಿಯ ರಕ್ತದ ಆಮ್ಲಜನಕದ ಸುಳಿವಿದೆ ಎಂದು ಅವರಿಗೆ ಹೊಳೆಯಿತು. ಪಲ್ಸ್ ಆಕ್ಸಿಮೀಟರ್ ಹುಟ್ಟಿದ್ದು ಹಾಗೆ.

ಆದರೆ ಅದನ್ನು ಓಟಿಯ ವಸ್ತುವಾಗಿಸಿದ್ದು ಸದ್ದು. ಅಮೆರಿಕದ ಅರಿವಳಿಕೆ ತಜ್ಞ ವಿಲಿಯಂ ನ್ಯೂ ಅವರ ನೆಲ್ಕಾರ್ ಕಂಪನಿ 1983ರಲ್ಲಿ ತಂದ ಯಂತ್ರ ಪ್ರತಿ ನಾಡಿಮಿಡಿತಕ್ಕೂ ಒಂದು ಬೀಪ್ ಹೊರಡಿಸುತ್ತಿತ್ತು. ಆಮ್ಲಜನಕ ಇಳಿದಂತೆ ಆ ಬೀಪಿನ ಸ್ವರವೂ ಇಳಿಯುತ್ತಿತ್ತು. ವೈದ್ಯರು ಪರದೆ ನೋಡಬೇಕಿಲ್ಲ. ಕೈ ಸಿರಿಂಜಿನ ಮೇಲೆ, ಕಣ್ಣು ರೋಗಿಯ ಮುಖದ ಮೇಲೆ ಇದ್ದಾಗಲೂ ಕಿವಿ ತನ್ನ ಪಾಡಿಗೆ ಕಾವಲಿರುತ್ತದೆ. ಸ್ವರ ಜಾರಿದೊಡನೆ ಕತ್ತಿ ಹಿಡಿದ ಸರ್ಜನ್ ಕೂಡ ತಲೆಯೆತ್ತಿ ನೋಡುತ್ತಾರೆ. ಅಳೆಯುವ ವಿಜ್ಞಾನ ಅಒಯಾಗಿಯವರದು. ಆ ಅಳತೆಯನ್ನು ಕೆಲಸದಲ್ಲಿ ಮುಳುಗಿದವರಿಗೆ ಹೇಗೆ ಮುಟ್ಟಿಸಬೇಕು ಎಂಬ ತಿಳಿವು ಓಟಿಯಲ್ಲಿ ನಿಂತು ದಣಿದವರದು. ಎರಡೂ ಕೂಡದಿದ್ದರೆ ಅದು ಇನ್ನೊಂದು ಬೇಡದ ಪೆಟ್ಟಿಗೆಯಾಗಿ ಮೂಲೆ ಸೇರುತ್ತಿತ್ತು. 1990ರ ಹೊತ್ತಿಗೆ ಅಮೆರಿಕದಲ್ಲಿ ಅದು ಕಡ್ಡಾಯವಾಯಿತು. ಉಸಿರಿನಲ್ಲಿ ಹೊರಬರುವ ಇಂಗಾಲದ ಡೈಆಕ್ಸೈಡನ್ನು ಅಳೆಯುವ ಕ್ಯಾಪ್ನೋಗ್ರಾಫ್ ಕೂಡ ಬೆನ್ನಿಗೇ ಬಂತು. ಕೊಳವೆ ಅನ್ನನಾಳಕ್ಕೆ ಹೋಗಿದ್ದರೆ ಅದರ ಪರದೆಯ ಗೆರೆ ಚಪ್ಪಟೆಯಾಗಿಬಿಡುತ್ತದೆ.

ಫಲ ಸಿಕ್ಕಿತೇ? 1976ರಿಂದ 1988ರವರೆಗೆ ಹಾರ್ವರ್ಡಿನ ಆಸ್ಪತ್ರೆಗಳಲ್ಲಿ ಅರಿವಳಿಕೆ ಪಡೆದ, ಗಂಭೀರ ಕಾಯಿಲೆಯಿಲ್ಲದ ಸುಮಾರು 10 ಲಕ್ಷ ರೋಗಿಗಳ ದಾಖಲೆಯನ್ನು ಜಾನ್ ಐಕಾರ್ನ್ 1989ರಲ್ಲಿ ಪ್ರಕಟಿಸಿದರು. ಅರಿವಳಿಕೆಯೊಂದರಿಂದಲೇ ಆದ ದೊಡ್ಡ ಅನಾಹುತಗಳು 11. ಹತ್ತು ಹೊಸ ನಿಯಮಕ್ಕೆ ಮೊದಲು, ಒಂದು ಆಮೇಲೆ. ಇಷ್ಟು ಸಣ್ಣ ಸಂಖ್ಯೆಗಳಿಂದ ನಿಯಮವೇ ಕಾರಣ ಎಂದು ಸಾಧಿಸಲಾಗದು. ಔಷಧಗಳೂ ತರಬೇತಿಯೂ ಅದೇ ಕಾಲದಲ್ಲಿ ಸುಧಾರಿಸಿದ್ದವು. ಆದರೂ ಆ ಒಂದು ದಶಕದಲ್ಲಿ ಅರಿವಳಿಕೆ ಹೆಚ್ಚು ಸುರಕ್ಷಿತವಾಯಿತು ಎಂಬುದರಲ್ಲಿ ಆ ಕ್ಷೇತ್ರದವರಿಗೆ ಅನುಮಾನವಿಲ್ಲ.

ಹೊಸ ಯಂತ್ರಗಳು ಹೊಸ ತೊಡಕನ್ನೂ ತಂದವು. ಒಂದೊಂದು ಉಪಕರಣಕ್ಕೂ ತನ್ನದೇ ಅಲಾರಂ. ಎಲ್ಲವೂ ಕೂಗತೊಡಗಿದರೆ ಯಾವುದು ನಿಜ, ಯಾವುದು ಹುಸಿ? ಕೊನೆಗೆ ಕೈ ತಾನಾಗಿ ಹೋಗಿ ಸದ್ದನ್ನು ಅಡಗಿಸುತ್ತದೆ. ಐಸಿಯುವಿನಲ್ಲಿ ಒಂದು ರಾತ್ರಿ ಕಳೆದ ಯಾವ ಸಿಸ್ಟರನ್ನು ಕೇಳಿದರೂ ಇದನ್ನು ಹೇಳುತ್ತಾರೆ. ಆಕ್ಸಿಮೀಟರಿನ ವಿಷಯದಲ್ಲಿ ಇನ್ನೂ ಗಂಭೀರವಾದದ್ದು ಹೊರಬಿತ್ತು. ಕೋವಿಡ್ ಕಾಲದಲ್ಲಿ ನಮ್ಮ ಮನೆಮನೆಗೂ ಬಂದು ಎಲ್ಲರ ಬೆರಳನ್ನೂ ಕಚ್ಚಿದ ಆ ಸಾಧನ, ಕಪ್ಪು ಚರ್ಮದವರಲ್ಲಿ ಆಮ್ಲಜನಕವನ್ನು ಇರುವುದಕ್ಕಿಂತ ಹೆಚ್ಚು ತೋರಿಸುವ ಸಂಭವ ಜಾಸ್ತಿ ಎಂದು ಅಮೆರಿಕದ ರೋಗಿಗಳ ಮೇಲಿನ ಅಧ್ಯಯನವೊಂದು 2020ರ ಡಿಸೆಂಬರಿನಲ್ಲಿ ತಿಳಿಸಿತು. ಈ ಸಂಶಯ ಮೊದಲೇ ಕೆಲವರಿಗಿತ್ತು. ತಯಾರಕರು ಯಾರ ಬೆರಳ ಮೇಲೆ ಪರೀಕ್ಷಿಸಿದರು ಎಂಬ ಪ್ರಶ್ನೆ ನಮ್ಮಂಥ ಮೈಬಣ್ಣದವರ ದೇಶದಿಂದ ಎಂದೋ ಏಳಬೇಕಿತ್ತು.

ಹಳೆಯ ಉಪಾಯಗಳಿಗೂ ಮಿತಿಯಿತ್ತು: ಪಿನ್ನುಗಳ ಕಾವಲು ಸಿಲಿಂಡರಿನ ಕತ್ತಿನವರೆಗೆ ಮಾತ್ರ. ಗೋಡೆಯ ಹಿಂದಿನ ಪೈಪುಗಳನ್ನೇ ಅದಲುಬದಲು ಜೋಡಿಸಿದರೆ ಯಂತ್ರಕ್ಕೆ ಗೊತ್ತಾಗುವುದು ಹೇಗೆ? 2016ರಲ್ಲಿ ಇಂದೋರಿನ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಆಮ್ಲಜನಕದ ಪೈಪಿನಲ್ಲಿ ನೈಟ್ರಸ್ ಆಕ್ಸೈಡ್ ಬಂದು ಇಬ್ಬರು ಮಕ್ಕಳು ಸತ್ತರು. ಕೊಳವೆಯಲ್ಲಿ ಹರಿಯುತ್ತಿರುವುದು ಆಮ್ಲಜನಕವೇ ಹೌದೇ ಎಂದು ರೋಗಿಯ ಬಳಿಯೇ ಅಳೆದು ಹೇಳುವ ಉಪಕರಣ ಹಾರ್ವರ್ಡಿನ 1985ರ ಪಟ್ಟಿಯಲ್ಲೇ ಇತ್ತು.

ಸಿರಿಂಜಿನ ತುದಿಯ ಕಥೆಯೂ ಇದೇ. ರಕ್ತನಾಳಕ್ಕೆ ಕೊಡುವ ಸಿರಿಂಜು, ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಕೊಡುವ ಸಿರಿಂಜು, ಎರಡಕ್ಕೂ 19ನೇ ಶತಮಾನದ ಕೊನೆಯಿಂದ ಬಂದ ಒಂದೇ ‘ಲೂಯರ್’ ತುದಿ. ಎಲ್ಲವೂ ಎಲ್ಲದಕ್ಕೂ ಕೂರುತ್ತದೆ. ರಕ್ತನಾಳಕ್ಕೆ ಮಾತ್ರ ಕೊಡಬೇಕಾದ ವಿಂಕ್ರಿಸ್ಟಿನ್ ಎಂಬ ಕ್ಯಾನ್ಸರ್ ಮದ್ದನ್ನು ಬೆನ್ನಿಗೆ ಚುಚ್ಚಿ ರೋಗಿಗಳು ಸತ್ತ ಪ್ರಸಂಗಗಳು ಹಲವು ದೇಶಗಳಲ್ಲಿ ನಡೆದಿವೆ. ಬೆನ್ನಿನ ಚುಚ್ಚುಮದ್ದಿಗೆ ಬೇರೆಯೇ ಅಳತೆಯ ತುದಿ ಇರಬೇಕೆಂಬ ಅಂತರರಾಷ್ಟ್ರೀಯ ಮಾನದಂಡ ಪ್ರಕಟವಾದದ್ದು 2016ರಲ್ಲಿ, ಸಿಲಿಂಡರಿನ ಪಿನ್ನುಗಳು ಬಂದು 64 ವರ್ಷಗಳಾದ ಮೇಲೆ. ಬ್ರಿಟನ್ನಿನ ಆಸ್ಪತ್ರೆಗಳು ಆ ತುದಿಗೆ ಬದಲಾಗತೊಡಗಿದವು. ನಮ್ಮ ಬಹುತೇಕ ಆಸ್ಪತ್ರೆಗಳ ಟ್ರೇಯಲ್ಲಿ ಇವತ್ತಿಗೂ ಎರಡಕ್ಕೂ ಒಂದೇ ಸಿರಿಂಜು.